ಒಂದೇ ಕೋಣೆಯಲ್ಲಿ ಒಬ್ಬರೇ ಇರಬೇಕಾಗಿ ಬಂದರೆ: ಮೈ ಕಾಯ್ದುಕೊಳ್ಳುವುದು, ಒಂದು ಕೆಲಸ ಕಲಿಯುವುದು

ಚಿಕನ್ ಪಾಕ್ಸ್ ಇರಬಹುದು, ಜೋರು ಫ್ಲೂ ಇರಬಹುದು, ಕೋವಿಡ್ ಇರಬಹುದು, ಕ್ಷಯದ ಮೊದಲ ವಾರಗಳಿರಬಹುದು. ಡಾಕ್ಟರು "ಸ್ವಲ್ಪ ದಿನ ಯಾರ ಜೊತೆಗೂ ಬೆರೀಬೇಡಿ, ಒಂದೇ ಕೋಣೆಯಲ್ಲಿ ಇರಿ" ಅಂದಾಗ ಆ ದಿನಗಳನ್ನು ಹೇಗೆ ಕಳೆಯಬೇಕು ಅನ್ನುವುದಕ್ಕಷ್ಟೇ ಈ ಬರಹ. ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ಪರೀಕ್ಷೆಗೆ ಓದುತ್ತಿರುವ ಹುಡುಗರು, ಹುಬ್ಬಳ್ಳಿಯಲ್ಲಿ ಕೆಲಸಕ್ಕೆಂದು ಬಂದು ಒಬ್ಬರೇ ಇರುವವರು, ಮನೆ ತುಂಬ ಜನರಿದ್ದರೂ ಮೂಲೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರಬೇಕಾದವರು, ಎಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ನನ್ನ ಮಾತು ಇಷ್ಟೇ. ಮೊದಲು ಮೈ. ಮೈ ಸ್ವಲ್ಪ ಹಗುರಾದ ಮೇಲೆ ಒಂದೇ ಒಂದು ಹೊಸ ಕೆಲಸ. 2020ರ ಮಾರ್ಚ್ 25ಕ್ಕೆ ದೇಶವೆಲ್ಲ ಬಾಗಿಲು ಹಾಕಿದಾಗ ನೆನಪಿದೆಯಲ್ವಾ, ಇಂಗ್ಲಿಷ್ ಕಲಿಯಿರಿ, ಗಿಟಾರ್ ಕಲಿಯಿರಿ, ತೂಕ ಇಳಿಸಿ, ಹತ್ತು ಪುಸ್ತಕ ಓದಿ ಅಂತ ಎಲ್ಲರೂ ಎಲ್ಲರಿಗೂ ಹೇಳಿದರು. ಜ್ವರದಿಂದ ಮಲಗಿದವರಿಗೆ ಹಾಗೆ ಹೇಳುವುದು ಕ್ರೂರ ಅಂತ ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಹಾಗಂತ ಬೆಳಗಿನಿಂದ ರಾತ್ರಿವರೆಗೆ ಮಲಗಿಕೊಂಡು ಫೋನು ತಿಕ್ಕುತ್ತಾ ಇದ್ದರೆ ರೋಗ ಹೋದ ಮೇಲೂ ಮೈಯಲ್ಲಿ ಬಲ ಇರುವುದಿಲ್ಲ, ಮನಸ್ಸೂ ಮಂಕಾಗಿರುತ್ತದೆ. ಇವೆರಡರ ನಡುವೆ ಒಂದು ದಾರಿ ಇದೆ.

ಮೊದಲು ಎಷ್ಟು ದಿನ ಅಂತ ಕೇಳಿಕೊಳ್ಳಿ

ಡಾಕ್ಟರ ಹತ್ತಿರ ಮೂರು ಪ್ರಶ್ನೆ ಕೇಳದೆ ಎದ್ದು ಬರಬೇಡಿ. ಎಷ್ಟು ದಿನ ಬೇರೆ ಇರಬೇಕು? ಯಾರಿಂದ ವಿಶೇಷವಾಗಿ ದೂರ ಇರಬೇಕು? ಏನು ಆದರೆ ತಕ್ಷಣ ಆಸ್ಪತ್ರೆಗೆ ಬರಬೇಕು? ಉತ್ತರಗಳನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿ. ಕೊನೆಯ ದಿನ ಗೊತ್ತಿದ್ದರೆ ಮನಸ್ಸಿಗೆ ಅರ್ಧ ಭಾರ ಕಡಿಮೆ.

ಒಂದೊಂದು ರೋಗಕ್ಕೆ ಒಂದೊಂದು ಲೆಕ್ಕ. ಚಿಕನ್ ಪಾಕ್ಸ್, ನಮ್ಮ ಕಡೆ ಅಮ್ಮ ಬಂದಾಳ ಅಂತಾರಲ್ಲ ಅದು, ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಹರಡಲು ಶುರುವಾಗಿರುತ್ತದೆ. ಎಲ್ಲ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟುವವರೆಗೆ ಹರಡುತ್ತಲೇ ಇರುತ್ತದೆ. ಸಾಮಾನ್ಯವಾಗಿ ಗುಳ್ಳೆ ಎದ್ದು 5ರಿಂದ 7 ದಿನ. ದೊಡ್ಡವರಿಗೆ ಇದು ಮಕ್ಕಳಿಗಿಂತ ಜೋರಾಗಿ ಬರುತ್ತದೆ. ಅದಕ್ಕೇ ಗುಳ್ಳೆ ಕಂಡ ದಿನವೇ ಡಾಕ್ಟರಿಗೆ ತೋರಿಸಿ, ವೈರಸ್ಸನ್ನು ತಡೆಯುವ ಮಾತ್ರೆ ಮೊದಲ 24 ಗಂಟೆಯೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಸ್ನಾನ ಬಿಡಬೇಕಿಲ್ಲ. ಉಗುರುಬೆಚ್ಚಗಿನ ನೀರಲ್ಲಿ ಮೈ ತೊಳೆದು, ಉಜ್ಜದೆ ಮೆತ್ತಗೆ ಒತ್ತಿ ಒರೆಸಿಕೊಳ್ಳಿ. ಉಗುರು ಮೋಟಾಗಿ ಕತ್ತರಿಸಿ. ಬೇವಿನ ಎಲೆ ಇಟ್ಟುಕೊಳ್ಳುವುದು, ಅವ್ವ ಹೇಳಿದ ಪೂಜೆ ಮಾಡುವುದು ನಿಮ್ಮಿಷ್ಟ, ಔಷಧ ಮಾತ್ರ ತಪ್ಪಿಸಬೇಡಿ. ಗರ್ಭಿಣಿಯರು, ಎಳೆ ಕೂಸುಗಳು ಹತ್ತಿರ ಬರಲೇಬಾರದು. ಮಕ್ಕಳಿಗೆ ಈ ರೋಗದಲ್ಲಿ ಆಸ್ಪಿರಿನ್ ಕೊಡಲೇಬಾರದು.

ಫ್ಲೂ ಆದರೆ, ಜ್ವರದ ಮಾತ್ರೆ ಇಲ್ಲದೆಯೇ 24 ಗಂಟೆ ಜ್ವರ ಬರದೆ ಇರುವವರೆಗಾದರೂ ಒಳಗೇ ಇರಿ. ಕ್ಷಯ ಬೇರೆ ಕಥೆ. ಸರಿಯಾದ ಔಷಧ ಶುರುವಾಗಿ ಸುಮಾರು ಎರಡು ವಾರದಲ್ಲಿ ಹರಡುವುದು ತುಂಬ ಕಡಿಮೆಯಾಗುತ್ತದೆ, ಆದರೆ ಔಷಧ ಸಾಮಾನ್ಯವಾಗಿ 6 ತಿಂಗಳು ನಡೆಯುತ್ತದೆ. ಆರಾಮಾಯ್ತು ಅಂತ ನಡುವೆ ಬಿಟ್ಟವರಿಗೆ ಔಷಧಕ್ಕೆ ಬಗ್ಗದ ಕ್ಷಯ ತಿರುಗಿ ಬರುವ ಅಪಾಯ ಇದೆ. ಸರಕಾರಿ ಆಸ್ಪತ್ರೆಯಲ್ಲಿ ಔಷಧ ಪುಕ್ಕಟೆ. ಊಟಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಚಿಕಿತ್ಸೆ ಮುಗಿಯುವವರೆಗೆ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ, ಹೆಸರು ನೋಂದಾಯಿಸಿದ್ದಾರಾ ಅಂತ ಕೇಳಿ ನೋಡಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಅಪಾಯದ ಗುರುತು ಎಲ್ಲದಕ್ಕೂ ಹೆಚ್ಚುಕಡಿಮೆ ಒಂದೇ. ಕೂತಲ್ಲೇ ಏದುಸಿರು, ಎದೆ ನೋವು, ಮಾತು ತೊದಲುವುದು ಅಥವಾ ಗೊಂದಲ, ನಿಲ್ಲದ ವಾಂತಿ, ಬಹಳ ಹೊತ್ತು ಮೂತ್ರವೇ ಬಾರದಿರುವುದು. ಬೆರಳಿಗೆ ಹಾಕುವ ಆಕ್ಸಿಮೀಟರ್ ಇದ್ದರೆ, ಬೆರಳು ಬೆಚ್ಚಗಿರುವಾಗ, ಉಗುರಿಗೆ ಬಣ್ಣ ಇಲ್ಲದೆ ನೋಡಿ. 94ಕ್ಕಿಂತ ಕೆಳಗೆ ತೋರಿಸುತ್ತಲೇ ಇದ್ದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಹುಬ್ಬಳ್ಳಿ ಧಾರವಾಡದಲ್ಲಿದ್ದರೆ ಹುಬ್ಬಳ್ಳಿಯ ಸರಕಾರಿ ಆಸ್ಪತ್ರೆ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಇದೆ, ಗದಗ ಮತ್ತು ಹಾವೇರಿಯಲ್ಲಿ ಜಿಲ್ಲಾ ಮಟ್ಟದ ಸರಕಾರಿ ಆಸ್ಪತ್ರೆಗಳಿವೆ. ರಾತ್ರಿ ಎರಡು ಗಂಟೆಗೆ ಯಾರು ಗಾಡಿ ತರುತ್ತಾರೆ ಅನ್ನುವುದನ್ನು ಹಗಲಲ್ಲೇ ಮಾತಾಡಿ ಇಟ್ಟುಕೊಳ್ಳಿ. ಒಬ್ಬರೇ ಇರುವವರು ಒಂದು ಕೀಲಿಯನ್ನು ಮನೆ ಮಾಲೀಕರ ಹತ್ತಿರವೋ ಗೆಳೆಯನ ಹತ್ತಿರವೋ ಕೊಟ್ಟಿರಿ.

ಕೋಣೆ

ಕಿಟಕಿ ತೆಗೆದಿಡಿ. ಧಾರವಾಡದ ಮಳೆಗಾಲದಲ್ಲಿ ಥಂಡಿ ಅಂತ ಎಲ್ಲ ಮುಚ್ಚಿಕೊಳ್ಳುತ್ತಾರೆ, ಕೌದಿ ಹೊದ್ದುಕೊಂಡಾದರೂ ಪರವಾಗಿಲ್ಲ, ಗಾಳಿ ಆಡಲಿ. ಗಾಳಿ ಆಡದ ಕೋಣೆಯಲ್ಲಿ ಉಸಿರಿನ ರೋಗ ಹರಡುವುದು ಜಾಸ್ತಿ.

ಕೋಣೆ ಎಷ್ಟೇ ಚಿಕ್ಕದಿರಲಿ, ಮಲಗುವ ಜಾಗ ಮತ್ತು ಕೂರುವ ಜಾಗ ಬೇರೆ ಮಾಡಿ. ಒಂದು ಕುರ್ಚಿ ಸಾಕು, ಅದನ್ನು ಕಿಟಕಿ ಹತ್ತಿರ ಎಳೆದು ಹಾಕಿ. ಹಾಸಿಗೆಯಲ್ಲೇ ಊಟ, ಹಾಸಿಗೆಯಲ್ಲೇ ಓದು, ಹಾಸಿಗೆಯಲ್ಲೇ ಫೋನು ಅಂತಾದರೆ ರಾತ್ರಿ ಅದೇ ಹಾಸಿಗೆಯಲ್ಲಿ ನಿದ್ದೆ ಬರುವುದಿಲ್ಲ. ಬಾಗಿಲ ಹೊರಗೆ ಒಂದು ಸ್ಟೂಲ್ ಇಡಿಸಿ, ಊಟದ ತಾಟು ಅದರ ಮೇಲೆ ಬರಲಿ, ಇಟ್ಟವರು ದೂರ ಹೋದ ಮೇಲೆ ತೆಗೆದುಕೊಳ್ಳಿ. ತಾಟು, ತಂಬಿಗೆ, ಟವೆಲ್ ನಿಮ್ಮದೇ ಬೇರೆ ಇರಲಿ. ನಳದ ನೀರು ದಿನಾ ಬಾರದ ಓಣಿಯಲ್ಲಿದ್ದರೆ ಕುಡಿಯುವ ನೀರನ್ನು ಮೊದಲ ದಿನವೇ ಒಳಗೆ ತುಂಬಿಸಿಡಿ. ಶೌಚಾಲಯ ಒಂದೇ ಇದ್ದರೆ ನೀವು ಕೊನೆಗೆ ಬಳಸಿ, ಮುಟ್ಟಿದ ಚಿಲಕ, ನಳ ಒರೆಸಿ ಬನ್ನಿ.

ಮೈ: ಮಲಗಿದಲ್ಲಿಂದ ಪ್ಲಾಟ್‌ಫಾರ್ಮ್ ಉದ್ದದವರೆಗೆ

ಜ್ವರ ಇರುವಷ್ಟು ದಿನ ವ್ಯಾಯಾಮ ಬೇಡ. ಬೆವರು ಬರಿಸಿ ಜ್ವರ ಇಳಿಸುತ್ತೇನೆ ಅನ್ನುವುದು ಅಪಾಯ, ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೂ ತಾಗುತ್ತವೆ. ಆದರೆ ಪೂರ್ತಿ ಅಲ್ಲಾಡದೆ ಬಿದ್ದಿರುವುದೂ ಕೆಟ್ಟದ್ದು. ಕೆಲವೇ ದಿನ ಮಲಗಿದರೂ ಕಾಲಿನ ಶಕ್ತಿ ಇಳಿಯುತ್ತದೆ. ಮೀನಖಂಡ ಆಡದಿದ್ದರೆ ಕಾಲಿನಲ್ಲಿ ರಕ್ತ ನಿಧಾನವಾಗಿ ಹರಿದು ಹೆಪ್ಪುಗಟ್ಟುವ ಸಾಧ್ಯತೆಯೂ ಇದೆ. ಹಾಗಾಗಿ ಎಚ್ಚರ ಇರುವ ಪ್ರತಿ ಗಂಟೆಗೊಮ್ಮೆ ಮಲಗಿದಲ್ಲೇ ಪಾದವನ್ನು ಮುಂದೆ ಹಿಂದೆ ಇಪ್ಪತ್ತು ಸಲ ಆಡಿಸಿ. ಮೊಣಕಾಲು ಮಡಚಿ ಬಿಡಿಸಿ. ಎದ್ದು ಕೂತು ಮೂಗಿನಿಂದ ಉಸಿರು ತೆಗೆದುಕೊಂಡು, ಬಿಸಿ ಚಹಾ ಊದುವ ಹಾಗೆ ತುಟಿ ಕಿರಿದು ಮಾಡಿ ನಿಧಾನವಾಗಿ ಬಿಡಿ, ಐದಾರು ಸಲ. ಒಂದು ಕಾಲಿನಲ್ಲಿ ಮಾತ್ರ ಬಾವು, ನೋವು ಕಂಡರೆ ಡಾಕ್ಟರಿಗೆ ಹೇಳಿ.

ಜ್ವರ ಬಿಟ್ಟು ಒಂದೆರಡು ದಿನ ಆದ ಮೇಲೆ ಕುರ್ಚಿಯಿಂದ ಶುರು ಮಾಡಿ. ಕೈ ಊರದೆ ಎದ್ದು ನಿಲ್ಲುವುದು, ಮತ್ತೆ ನಿಧಾನ ಕೂರುವುದು. ಮೊದಲ ದಿನ ಐದು ಸಲ ಆದರೆ ಸಾಕು. ಇಷ್ಟು ಚಿಕ್ಕದು ಅಂತ ಅಲಕ್ಷ್ಯ ಮಾಡಬೇಡಿ, ತೊಡೆಯ ಬಲ ಉಳಿಸಿಕೊಳ್ಳಲು ಮನೆಯೊಳಗೆ ಇದಕ್ಕಿಂತ ಒಳ್ಳೆಯದು ಇಲ್ಲ, ವಯಸ್ಸಾದ ಅಪ್ಪ ಅವ್ವಂದಿರಿಗಂತೂ ಇದೇ ಮುಖ್ಯ ವ್ಯಾಯಾಮ. ಆಮೇಲೆ ಗೋಡೆಗೆ ಎರಡೂ ಅಂಗೈ ಒತ್ತಿ ನಿಂತು ಮೈಯನ್ನು ಗೋಡೆ ಕಡೆ ತಂದು ಹಿಂದೆ ತಳ್ಳುವುದು. ಒಂದು ದಿನ ಬಿಟ್ಟು ಒಂದು ದಿನ ಮಾಡಿದರೂ ನಡೆಯುತ್ತದೆ. ಸೂರ್ಯ ನಮಸ್ಕಾರ ರೂಢಿ ಇರುವವರು ಮೊದಲಿನ ವೇಗಕ್ಕೆ ಹೋಗದೆ ಎರಡು ಮೂರರಿಂದ ಶುರು ಮಾಡಲಿ.

ನಡಿಗೆಗೆ ನಮ್ಮೂರಿನದೇ ಒಂದು ಅಳತೆ ಇದೆ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಉದ್ದದ ಪ್ಲಾಟ್‌ಫಾರ್ಮ್ 1507 ಮೀಟರ್. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು, ಜಗತ್ತಿನಲ್ಲೇ ಅಷ್ಟು ಉದ್ದದ್ದು ಅಂತ ಹೆಸರು. ನಿಮ್ಮ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ 10 ಅಡಿ, ಅಂದರೆ ಸುಮಾರು 3 ಮೀಟರ್ ಅಂತ ಇಟ್ಟುಕೊಳ್ಳಿ. ಗೋಡೆಯಿಂದ ಗೋಡೆಗೆ 500 ಸಲ ನಡೆದರೆ ಆ ಪ್ಲಾಟ್‌ಫಾರ್ಮ್ ಈ ತುದಿಯಿಂದ ಆ ತುದಿಗೆ ನಡೆದಂತೆ. ಒಂದೇ ಸಲಕ್ಕೆ ಬೇಡ. ಬೆಳಿಗ್ಗೆ 50, ಮಧ್ಯಾಹ್ನ 50, ಸಂಜೆ 50 ಅಂತ ಶುರು ಮಾಡಿ ದಿನಾ ಒಂದಿಷ್ಟು ಏರಿಸಿ. ಪದೇ ಪದೇ ತಿರುಗುವಾಗ ತಲೆ ಸುತ್ತಿದರೆ ಎಂಟರ ಆಕಾರದಲ್ಲಿ ಅಡ್ಡಾಡಿ. ಎಣಿಸಲು ಕಡಲೆಕಾಳೋ ಶೇಂಗಾ ಕಾಳೋ ಒಂದು ವಾಟಗದಿಂದ ಇನ್ನೊಂದಕ್ಕೆ ಹಾಕುತ್ತಾ ಹೋದರೆ ಲೆಕ್ಕ ತಪ್ಪುವುದಿಲ್ಲ.

ಎಷ್ಟು ಜೋರಾಗಿ ನಡೆಯಬೇಕು ಅಂತ ಕೇಳುತ್ತಾರೆ. ನಡೆಯುತ್ತಾ ಫೋನಿನಲ್ಲಿ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು, ಅಷ್ಟು. ಆರೋಗ್ಯವಂತ ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ಇಂಥ ಚಟುವಟಿಕೆ ಮಾಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನೀವೀಗ ಅಲ್ಲಿಗೆ ಮುಟ್ಟಲೇಬೇಕು ಅಂತ ಹಟ ಹಿಡಿಯಬೇಡಿ. ಇವತ್ತು ಮಾಡಿದ್ದಕ್ಕೆ ನಾಳೆ ವಿಪರೀತ ಸುಸ್ತಾದರೆ ಇವತ್ತಿನದು ಜಾಸ್ತಿಯಾಯಿತು ಅಂತ ಅರ್ಥ, ನಾಳೆ ಅರ್ಧ ಮಾಡಿ. ಎದೆ ಹಿಡಿದಂತಾದರೆ ನಿಲ್ಲಿಸಿಬಿಡಿ.

ಊಟ

ಜ್ವರದ ದಿನಗಳಲ್ಲಿ ಗಂಜಿ, ಮಜ್ಜಿಗೆ ಹಾಕಿದ ನುಚ್ಚು, ತೆಳ್ಳಗಿನ ಕಟ್ಟಿನ ಸಾರು, ಬಾಳೆಹಣ್ಣು. ಹೊಟ್ಟೆ ತುಂಬ ಒಂದೇ ಸಲ ಬೇಡ, ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ನೀರು ಸಾಕಾಗುತ್ತಿದೆಯಾ ಅಂತ ತಿಳಿಯಲು ಮೂತ್ರದ ಬಣ್ಣ ನೋಡಿ, ಗಾಢ ಹಳದಿ ಇದ್ದರೆ ಇನ್ನೂ ಕುಡಿಯಬೇಕು. ವಾಂತಿ ಭೇದಿ ಇದ್ದರೆ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಹಾಕಿ, ಅರ್ಧ ಪೊಟ್ಟಣ ಅಂದಾಜಿಗೆ ಬೇಡ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರು ಎಷ್ಟು ನೀರು, ಏನು ಊಟ ಅಂತ ತಮ್ಮ ಡಾಕ್ಟರನ್ನೇ ಕೇಳಲಿ. ಪ್ಯಾರಾಸಿಟಮಾಲ್ ತೆಗೆದುಕೊಳ್ಳುವವರು ಸಮಯ ಬರೆದಿಟ್ಟುಕೊಳ್ಳಿ, ಎರಡು ಮಾತ್ರೆಯ ನಡುವೆ ಡಾಕ್ಟರು ಹೇಳಿದಷ್ಟು ಅಂತರ ಇರಲಿ. ಉಳಿದ ಆಂಟಿಬಯೋಟಿಕ್ ಮಾತ್ರೆ ಮನೆಯಲ್ಲಿದೆ ಅಂತ ನುಂಗಬೇಡಿ, ವೈರಸ್ಸಿಗೆ ಅದು ಏನೂ ಮಾಡುವುದಿಲ್ಲ.

ಹಸಿವು ತಿರುಗಿ ಬಂದ ಮೇಲೆ ನಮ್ಮ ಕಡೆಯ ಊಟಕ್ಕಿಂತ ಬೇರೆ ಏನೂ ಹುಡುಕಬೇಕಿಲ್ಲ. ಜೋಳದ ರೊಟ್ಟಿ, ಹೆಸರುಕಾಳು ಇಲ್ಲವೆ ಮಡಿಕೆಕಾಳಿನ ಪಲ್ಯ, ಮೆಂತ್ಯದ ಸೊಪ್ಪು, ಗಜ್ಜರಿ, ಸೌತೆಕಾಯಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ರೋಗ ಬಂದಾಗ ಕರಗಿದ ಸ್ನಾಯು ತಿರುಗಿ ಕಟ್ಟಲು ಪ್ರೋಟೀನ್ ಬೇಕು, ಅದು ಈ ಕಾಳು, ಶೇಂಗಾ, ಮೊಸರಿನಲ್ಲಿ ಇದೆ. ತತ್ತಿ ತಿನ್ನುವವರಿಗೆ ಇನ್ನೂ ಸುಲಭ. ಆದರೆ ಪಥ್ಯ ಅಂತ ಹೇಳಿ ಮೊಸರು ಬಿಡು, ಕಾಳು ಬಿಡು, ಹಣ್ಣು ಬಿಡು ಅಂತ ಒಂದೊಂದೇ ಬಿಡಿಸುತ್ತಾ ಹೋಗಿ ಕೊನೆಗೆ ಬರೀ ಅನ್ನ ತಿಳಿಸಾರಿನ ಮೇಲೆ ರೋಗಿಯನ್ನು ಇಡುವ ಮನೆಗಳು ಬಹಳ ಇವೆ, ಡಾಕ್ಟರು ಬೇಡ ಅಂದಿರದಿದ್ದರೆ ಅದೆಲ್ಲ ಬೇಕಾಗಿಲ್ಲ. ಚಿಕನ್ ಪಾಕ್ಸ್‌ನಲ್ಲಿ ಬಾಯೊಳಗೂ ಗುಳ್ಳೆ ಇದ್ದರೆ ಖಾರ, ಹುಳಿ ಮಾತ್ರ ಕೆಲ ದಿನ ಬಿಡಿ, ಉರಿಯುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಊರಿನವರಿಗೆ ಇದು ಕಷ್ಟವೇ, ಆದರೂ.

ರೂಮಿನಲ್ಲಿ ಒಬ್ಬರೇ ಇರುವವರು ಖಾನಾವಳಿಯವರಿಗೆ ಮೊದಲೇ ಹೇಳಿ, ಡಬ್ಬಿ ಬಾಗಿಲ ಹೊರಗೆ ಇಟ್ಟು ಹೋಗಲಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿ, ಬೆಲ್ಲ, ಬಾಳೆಹಣ್ಣು ಇಷ್ಟು ಕೋಣೆಯಲ್ಲಿದ್ದರೆ ಯಾವುದೋ ಒಂದು ದಿನ ಡಬ್ಬಿ ಬಾರದಿದ್ದರೂ ಉಪವಾಸ ಬೀಳುವುದಿಲ್ಲ. ಸಂಜೆ ಬೇಸರಕ್ಕೆ ಆನ್‌ಲೈನಿನಲ್ಲಿ ಮಿರ್ಚಿ, ಗಿರ್ಮಿಟ್ ತರಿಸುವ ಮನಸ್ಸಾಗುತ್ತದೆ. ಆರಾಮಾದ ಮೇಲೆ ತಿನ್ನೋಣ.

ದಿನಕ್ಕೆ ಒಂದು ಆಕಾರ

ಗಂಟೆ ಗಂಟೆಗೂ ವೇಳಾಪಟ್ಟಿ ಬರೆದು ಗೋಡೆಗೆ ಹಚ್ಚಬೇಡಿ, ಎರಡನೇ ದಿನಕ್ಕೆ ಅದು ಮುರಿದು ಬೀಳುತ್ತದೆ, ಆಮೇಲೆ ಅದನ್ನು ನೋಡಿದರೇನೇ ಬೇಸರ. ಏಳುವ ಹೊತ್ತು ಒಂದನ್ನು ಮಾತ್ರ ಗಟ್ಟಿಯಾಗಿ ಹಿಡಿಯಿರಿ. ಎದ್ದ ಕೂಡಲೇ ಕಿಟಕಿಯ ಬೆಳಕಿಗೆ ಮುಖ ಕೊಟ್ಟು ಹದಿನೈದು ಇಪ್ಪತ್ತು ನಿಮಿಷ ಕೂತುಕೊಳ್ಳಿ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಮೈಯೊಳಗಿನ ಗಡಿಯಾರ ಸರಿಹೋಗಿ ರಾತ್ರಿ ಹೊತ್ತಿಗೆ ನಿದ್ದೆ ಬರುತ್ತದೆ. ಮುಖ ತೊಳೆದು ಬಟ್ಟೆ ಬದಲಿಸಿ, ಯಾರೂ ನೋಡುವುದಿಲ್ಲ ಅಂದರೂ ಬದಲಿಸಿ.

ಮಧ್ಯಾಹ್ನ ಅರ್ಧ ತಾಸು ಮಲಗಬಹುದು. ಜ್ವರ ಇದ್ದರೆ ಎಷ್ಟಾದರೂ ಮಲಗಿ. ರೋಗ ಇಳಿದ ಮೇಲೂ ಮಧ್ಯಾಹ್ನ ಮೂರು ತಾಸು ಮಲಗಿದರೆ ರಾತ್ರಿ ಎರಡರವರೆಗೆ ಕಣ್ಣು ಮುಚ್ಚುವುದಿಲ್ಲ, ಆ ಹೊತ್ತಲ್ಲಿ ಬರುವ ಯೋಚನೆಗಳು ಒಳ್ಳೆಯವಲ್ಲ.

ಫೋನು ಬಿಡಿ ಅಂತ ಹೇಳುವುದಿಲ್ಲ. ಒಳಗೆ ಕೂತವರಿಗೆ ಅದೇ ಊರು, ಅದೇ ಓಣಿ. ಆದರೆ ರಾತ್ರಿ ಹಾಸಿಗೆಯಿಂದ ಏಳದೆ ಕೈಗೆ ಸಿಗದಷ್ಟು ದೂರ ಚಾರ್ಜಿಗೆ ಹಾಕಿ, ರಿಂಗ್ ಮಾತ್ರ ಜೋರಾಗಿ ಇರಲಿ. ನಿಮ್ಮ ರೋಗದ ಬಗ್ಗೆ ದಿನಕ್ಕೆ ಹತ್ತು ವಿಡಿಯೋ ನೋಡುವುದನ್ನು ನಿಲ್ಲಿಸಿ. ಪ್ರಶ್ನೆ ಬಂದರೆ ಕಾಗದದ ಮೇಲೆ ಬರೆದಿಟ್ಟು ಡಾಕ್ಟರಿಗೆ ಒಮ್ಮೆಲೇ ಕೇಳಿ.

ಕೈಗೆ ಒಂದು ಕೆಲಸ

ಈಗ ಕಲಿಕೆಗೆ ಬರೋಣ. ಒಂದೇ ಒಂದು ಆರಿಸಿಕೊಳ್ಳಿ, ಅದೂ ಪರದೆ ಬೇಡದ, ಕೈಯಿಂದ ಮಾಡುವ, ಸ್ವಲ್ಪ ಹೊತ್ತಲ್ಲಿ ಒಂದು ತುಂಡು ಮುಗಿಯುವ ಕೆಲಸ ಆದರೆ ಒಳ್ಳೆಯದು. ರೋಗದಲ್ಲಿ ತಲೆ ಬೇಗ ದಣಿಯುತ್ತದೆ, ಕೈ ಅಷ್ಟು ಬೇಗ ದಣಿಯುವುದಿಲ್ಲ. ನನ್ನನ್ನು ಕೇಳಿದರೆ ಕಸೂತಿ. ಧಾರವಾಡ ಸೀಮೆಯದೇ ಕಲೆ, ಇಳಕಲ್ ಸೀರೆಯ ಮೇಲೆ, ಕರಿ ಚಂದ್ರಕಾಳಿ ಸೀರೆಯ ಮೇಲೆ ನಮ್ಮ ಅಜ್ಜಿಯರು ಹಾಕಿದ್ದನ್ನು ನೋಡಿರುತ್ತೀರಿ. ಗಂಡುಮಕ್ಕಳು ಕಲಿಯಬಾರದು ಅಂತ ಎಲ್ಲೂ ಬರೆದಿಲ್ಲ.

ಬೇಕಾಗುವುದು ಕಡಿಮೆ. ಎಳೆ ಎಣಿಸಲು ಬರುವಂಥ ಮ್ಯಾಟಿ ಬಟ್ಟೆ ಒಂದು ತುಂಡು, ಕಸೂತಿ ದಾರ, ಮೊಂಡು ತುದಿಯ ಸೂಜಿ, ಕತ್ತರಿ, ಚೌಕದ ಗೆರೆ ಇರುವ ಗಣಿತದ ನೋಟ್‌ಬುಕ್. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸುತ್ತಲೇ ಹೋಗಬೇಕು. ದಾರಕ್ಕೆ ಗಂಟು ಹಾಕುವುದಿಲ್ಲ. ನಾಲ್ಕು ಬಗೆಯ ಹೊಲಿಗೆ: ಗವಂತಿ, ಮುರ್ಗಿ, ನೇಗಿ, ಮೆಂತಿ. ಗವಂತಿಯಿಂದ ಶುರು ಮಾಡಿ. ಒಂದು ಎಳೆ ಗುಂಪು ಮೇಲೆ, ಒಂದು ಕೆಳಗೆ ಅಂತ ಸಾಲಾಗಿ ಹೋಗಿ, ಅದೇ ದಾರಿಯಲ್ಲಿ ವಾಪಸ್ಸು ಬರುವಾಗ ಬಿಟ್ಟ ಜಾಗ ತುಂಬುತ್ತಾ ಬನ್ನಿ. ಸರಿಯಾಗಿ ಬಂದರೆ ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣುತ್ತದೆ. ಮುರ್ಗಿ ಕೂಡ ಹೀಗೇ ಎರಡೂ ಕಡೆ ಒಂದೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಇಳಿಯುತ್ತದೆ. ನೇಗಿ ನೇಯ್ದಂತೆ ಕಾಣುವ ಉದ್ದ ಗಿಡ್ಡ ಹೊಲಿಗೆ. ಮೆಂತಿ ಅಡ್ಡ ಹೊಲಿಗೆ, ಒತ್ತೊತ್ತಾಗಿ ತುಂಬಲು.

ಮೊದಲ ದಿನ ನೋಟ್‌ಬುಕ್ಕಿನ ಚೌಕಗಳ ಮೇಲೆ ಪೆನ್ಸಿಲಿನಿಂದ ಒಂದು ಸಣ್ಣ ತುಳಸಿ ಕಟ್ಟೆ ಬರೆಯಿರಿ. ಎಲ್ಲಿಂದ ಹೊರಟು, ಎಲ್ಲಿ ತಿರುಗಿ, ಹೇಗೆ ಹೊರಟ ಜಾಗಕ್ಕೇ ಬರುವುದು ಅಂತ ಬೆರಳಿನಿಂದ ದಾರಿ ನೋಡಿಕೊಳ್ಳಿ. ಇದರಲ್ಲೇ ಅರ್ಧ ತಾಸು ಹೋಗುತ್ತದೆ, ಮನಸ್ಸು ರೋಗದ ಕಡೆ ಹೋಗುವುದಿಲ್ಲ. ಎರಡನೇ ದಿನ ಬಟ್ಟೆಯ ಮೇಲೆ ಬರೀ ನೇರ ಸಾಲು. ಮೂರನೇ ದಿನ ತಿರುವು. ಆಮೇಲೆ ತುಳಸಿ ಕಟ್ಟೆ, ಕಮಲ, ಆನೆ. ತೇರು, ಗೋಪುರ ದೊಡ್ಡ ಕೆಲಸ, ಅವನ್ನು ಹೊರಗೆ ಬಂದ ಮೇಲೆ ಕಲಿತವರ ಹತ್ತಿರ ಕೂತು ಮಾಡಿ. ಎಳೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಿ, ಮುಂದೆ ಹೋಗಿ ಸರಿ ಮಾಡುತ್ತೇನೆ ಅಂದರೆ ಕಸೂತಿಯಲ್ಲಿ ಆಗುವುದಿಲ್ಲ. ಬೆಳಕು ಚೆನ್ನಾಗಿರುವಾಗ ಮಾತ್ರ ಮಾಡಿ. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆ ಎತ್ತಿ ಕಿಟಕಿಯಾಚೆ ದೂರದ ಮರ ನೋಡಿ, ಕುತ್ತಿಗೆ ಹಿಡಿಯುವುದಿಲ್ಲ.

ಸೂಜಿ ಒಗ್ಗದವರು ಬೇರೆ ಏನಾದರೂ ಹಿಡಿಯಿರಿ. ಹಾರ್ಮೋನಿಯಂ ಇದ್ದರೆ ಅದು, ಚಿತ್ರ ಬರೆಯುವುದು, ಕಂಪ್ಯೂಟರಿನಲ್ಲಿ ನೋಡದೆ ಕನ್ನಡ ಟೈಪಿಂಗ್. ನಿಯಮ ಅದೇ: ಒಂದು, ದಿನಾ, ಸ್ವಲ್ಪ.

ಓದುವವರಿಗೆ, ಕೇಳುವವರಿಗೆ

ಪರೀಕ್ಷೆ ಹತ್ತಿರ ಇರುವಾಗಲೇ ರೋಗ ಬಂದರೆ ಆಗುವ ಸಂಕಟ ದೊಡ್ಡದು, ಗೊತ್ತು. ದಿನಕ್ಕೆ ಹತ್ತು ತಾಸು ಓದುತ್ತಿದ್ದವರು ಈಗ ಎರಡು ತಾಸಿಗೆ ಒಪ್ಪಿಕೊಳ್ಳಬೇಕು. ಆ ಎರಡು ತಾಸನ್ನು ಹೊಸ ಪುಟ ಓದಲು ಬಳಸಬೇಡಿ, ಹಳೆಯದನ್ನು ನೆನಪಿನಿಂದ ತೆಗೆಯಲು ಬಳಸಿ. ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಒಂದು ಅಧ್ಯಾಯದಲ್ಲಿ ನೆನಪಿರುವುದನ್ನೆಲ್ಲ ಬರೆಯಿರಿ, ಆಮೇಲೆ ಪುಸ್ತಕ ತೆಗೆದು ಬಿಟ್ಟುಹೋಗಿದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ತುಂಬಿ. ನಾಳೆ ಬಿಟ್ಟು ನಾಡಿದ್ದು ಅದನ್ನೇ ಮತ್ತೆ, ಆಮೇಲೆ ವಾರ ಬಿಟ್ಟು ಮತ್ತೆ. ಕಲಿತದ್ದು ಮೊದಲ ದಿನಗಳಲ್ಲೇ ಬೇಗ ಬೇಗ ಮರೆತುಹೋಗುತ್ತದೆ ಅಂತ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ. ಅಂತರ ಬಿಟ್ಟು ನೆನಪು ಮಾಡಿಕೊಂಡರೆ ಗಟ್ಟಿಯಾಗುತ್ತದೆ, ಮತ್ತೆ ಮತ್ತೆ ಓದುವುದಕ್ಕಿಂತ ಇದು ಮೇಲು. ಸಪ್ತಾಪುರದ ರೂಮುಗಳಲ್ಲಿ ಆರಾಮಾಗಿ ಇರುವವರೂ ಇದನ್ನು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಓದಲು ಆಗದಷ್ಟು ಕಣ್ಣು ದಣಿದಿದ್ದರೆ ಹಿಂದೂಸ್ತಾನಿ ಸಂಗೀತ ಕೇಳಿ. ನಾವಿರುವುದು ಎಂಥ ನೆಲದಲ್ಲಿ ನೋಡಿ. ಮಲ್ಲಿಕಾರ್ಜುನ ಮನ್ಸೂರರ ಊರು ಧಾರವಾಡದ ಪಕ್ಕದಲ್ಲೇ ಇದೆ, ಭೀಮಸೇನ ಜೋಶಿ ಗದಗ ಸೀಮೆಯವರು, ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತು ಬರುತ್ತಿದ್ದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಪುಟ್ಟರಾಜ ಗವಾಯಿಗಳು ಎಷ್ಟೋ ಮಕ್ಕಳಿಗೆ ಸಂಗೀತ ಕಲಿಸಿದರು. ಇಷ್ಟೆಲ್ಲ ಇದ್ದೂ ನಮ್ಮಲ್ಲಿ ಬಹಳ ಜನ ಒಂದು ರಾಗವನ್ನು ಪೂರ್ತಿ ಕೇಳಿಲ್ಲ.

ಹೀಗೆ ಮಾಡಿ. ಒಂದು ವಾರಕ್ಕೆ ಒಂದೇ ರಾಗ. ಸಂಜೆ ಬಿಡುವಿದ್ದರೆ ಯಮನ್, ಬೆಳಿಗ್ಗೆಯಾದರೆ ಭೈರವ್ ಅಥವಾ ತೋಡಿ, ಮಧ್ಯಾಹ್ನವಾದರೆ ಭೀಮ್‌ಪಲಾಸ್. ಒಬ್ಬರು ಹಾಡಿದ್ದನ್ನು ಮೊದಲ ಎರಡು ದಿನ ಕೇಳಿ, ಆಮೇಲೆ ಅದೇ ರಾಗವನ್ನು ಬೇರೆಯವರು ಹಾಡಿದ್ದು ಕೇಳಿ. ಮೊದಲು ತಂಬೂರಿಯ ಶ್ರುತಿಯನ್ನು ಕಿವಿಯಲ್ಲಿ ಹಿಡಿಯಿರಿ. ಹಾಡುವವರು ಯಾವ ಸ್ವರದ ಮೇಲೆ ಜಾಸ್ತಿ ಹೊತ್ತು ನಿಲ್ಲುತ್ತಾರೆ ಅಂತ ಗಮನಿಸಿ, ಯಮನ್‌ನಲ್ಲಿ ಗಾಂಧಾರ (ಗ) ಮತ್ತು ನಿಷಾದದ (ನಿ) ಮೇಲೆ ಅಂಥ ನಿಲುಗಡೆ ಸಿಗುತ್ತದೆ. ವಿಲಂಬಿತ್, ಅಂದರೆ ನಿಧಾನ ಗತಿಯ ಭಾಗ, ಬೇಸರ ಅನ್ನಿಸಿದರೂ ದಾಟಿಸಿ ಮುಂದೆ ಓಡಿಸಬೇಡಿ. ಮೂರನೇ ನಾಲ್ಕನೇ ದಿನಕ್ಕೆ ಹಾಡು ಶುರುವಾದ ಕೂಡಲೇ ರಾಗ ಗುರುತು ಸಿಗುತ್ತದೆ. ಆ ಖುಷಿಯನ್ನು ಒಮ್ಮೆ ಅನುಭವಿಸಿ ನೋಡಿ. ರೇಡಿಯೋ ಇದ್ದರೆ ಧಾರವಾಡ ಆಕಾಶವಾಣಿ ಹಚ್ಚಿಡಿ, ಕೋಣೆಯಲ್ಲಿ ಒಂದು ಮನುಷ್ಯರ ದನಿ ಇರುತ್ತದೆ.

ಜನ

ಬೇರೆ ಇರುವುದು ಮೈಗೆ, ಮಾತಿಗಲ್ಲ. ದಿನಕ್ಕೆ ಎರಡು ಸಲ ಹೊತ್ತು ನಿಗದಿ ಮಾಡಿ ಫೋನಿನಲ್ಲಿ ಮಾತಾಡಿ, ಮೆಸೇಜು ಸಾಲದು. ಬೆಳಗಿನ ಕರೆ "ಏನ್ ಆರಾಮೇನು, ಊಟ ಆತೇನು" ಅನ್ನುವಷ್ಟೇ ಇರಲಿ. ಹೊತ್ತಿಗೆ ಸರಿಯಾಗಿ ನೀವು ಫೋನ್ ಎತ್ತದಿದ್ದರೆ ಯಾರಾದರೂ ಬಂದು ಬಾಗಿಲು ತಟ್ಟಬೇಕು, ಅದಕ್ಕಾಗಿ ಈ ಕರೆ. ಸಂಜೆಯದು ಉದ್ದವಾಗಿರಲಿ.

ಸಂಜೆ ಏನು ಮಾತಾಡುವುದು, ದಿನಾ ಅದೇ ಜ್ವರದ ಸುದ್ದಿಯೇ ಅಂತ ಅನ್ನಿಸಿದರೆ ಊರಲ್ಲಿರುವ ಅಜ್ಜಿಗೋ ದೊಡ್ಡವ್ವಗೋ ಫೋನ್ ಹಚ್ಚಿ ಬೀಸುವ ಪದ, ಸೋಬಾನ ಪದ ಹೇಳಿಸಿ. ರೆಕಾರ್ಡ್ ಮಾಡುತ್ತೇನೆ ಅಂತ ಮೊದಲೇ ಹೇಳಿ ರೆಕಾರ್ಡ್ ಮಾಡಿಕೊಳ್ಳಿ. ಮರುದಿನ ಅದನ್ನು ಕೇಳುತ್ತಾ ನೋಟ್‌ಬುಕ್ಕಿನಲ್ಲಿ ಬರೆಯಿರಿ, ತಿಳಿಯದ ಮಾತು ಇದ್ದರೆ ಸಂಜೆ ಕೇಳಿ. ರೋಣ, ಶಿರಹಟ್ಟಿ, ಹಾನಗಲ್, ರಾಣೆಬೆನ್ನೂರು, ಎಲ್ಲ ಕಡೆಯ ಹಳ್ಳಿಗಳಲ್ಲೂ ಇವನ್ನು ಬಾಯಲ್ಲಿಟ್ಟುಕೊಂಡ ಮುದುಕಿಯರು ಇನ್ನೂ ಇದ್ದಾರೆ. ಬೀಸುಕಲ್ಲು ನಿಂತುಹೋಗಿ ಎಷ್ಟೋ ವರ್ಷ ಆಯ್ತು, ಹಾಡಿಸಿಕೊಂಡು ಬರೆಯುವವರು ಇಲ್ಲದಿದ್ದರೆ ಪದಗಳೂ ಹೋಗುತ್ತವೆ. ಒಳಗೆ ಕೂತ ದಿನಗಳಲ್ಲಿ ನೀವು ಮಾಡಬಹುದಾದ ಕೆಲಸಗಳಲ್ಲಿ ನನಗೆ ಇದು ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅಜ್ಜಿಗೂ ತನ್ನನ್ನು ಯಾರೋ ಕೇಳುತ್ತಿದ್ದಾರೆ ಅನ್ನುವ ಸಂತೋಷ.

ಮನಸ್ಸು ತೀರಾ ಕುಸಿದರೆ, ಅಳು ನಿಲ್ಲದಿದ್ದರೆ, ನಿದ್ದೆಯೇ ಇಲ್ಲದಿದ್ದರೆ, ಬದುಕಿ ಏನು ಅನ್ನುವ ಯೋಚನೆ ಬಂದರೆ, ಅದೂ ಜ್ವರದ ಹಾಗೆ ಚಿಕಿತ್ಸೆ ಇರುವಂಥದ್ದೇ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಯಾವಾಗ ಬೇಕಾದರೂ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಮಾನಸಿಕ ಆರೋಗ್ಯಕ್ಕೇ ಮೀಸಲಾದ ಸರಕಾರಿ ಆಸ್ಪತ್ರೆ. ಹಿಂದೆ ಅಲ್ಲಿಗೆ ಹೋಗುವುದನ್ನು ಜನ ಮುಚ್ಚಿಡುತ್ತಿದ್ದರು. ಮುಚ್ಚಿಡಬೇಕಾದ್ದು ಏನಿಲ್ಲ, ಹೋಗಿ.

ಹೊರಗೆ ಬಂದ ಮೇಲೆ

ಡಾಕ್ಟರು ಸರಿ ಅಂದ ದಿನ ಹಾಸಿಗೆ ಬಟ್ಟೆ, ಟವೆಲ್, ಹೊಲಿದ ಕಸೂತಿ ಬಟ್ಟೆ ಎಲ್ಲ ಸೋಪಿನ ನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಕೌದಿ ಒಗೆಯಲು ಕಷ್ಟ, ಆ ದಿನ ನೀವೇ ಎತ್ತಬೇಡಿ, ಯಾರನ್ನಾದರೂ ಕರೆಯಿರಿ. ಮೊದಲ ವಾರ ಉಣಕಲ್ ಕೆರೆ, ಕೆಲಗೇರಿ ಕೆರೆ ಸುತ್ತು ಹಾಕುವ ಆಸೆ ಆಗುತ್ತದೆ. ಮೊದಲು ಓಣಿಯ ತುದಿಗೆ ಹೋಗಿ ಬನ್ನಿ, ನೃಪತುಂಗ ಬೆಟ್ಟದ ಏರು ಇನ್ನೂ ಕೆಲವು ವಾರ ಬಿಟ್ಟು. ಕಲಿಯುತ್ತಿದ್ದ ಕೆಲಸಕ್ಕೆ ಒಳಗಿದ್ದಾಗ ಯಾವ ಹೊತ್ತು ಇತ್ತೋ ಅದೇ ಹೊತ್ತನ್ನು ಹೊರಗೂ ಹದಿನೈದು ನಿಮಿಷವಾದರೂ ಉಳಿಸಿಕೊಳ್ಳಿ. ಎರಡು ಮೂರು ವಾರ ಕಳೆದರೂ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದರೆ, ಎದೆ ಡವಗುಟ್ಟುತ್ತಿದ್ದರೆ, ಕೆಮ್ಮು ನಿಲ್ಲದಿದ್ದರೆ ಮತ್ತೊಮ್ಮೆ ಡಾಕ್ಟರಿಗೆ ತೋರಿಸಿ. ಕೆಮ್ಮು ಎರಡು ವಾರ ದಾಟಿದ್ದರೆ ಕಫದ ಪರೀಕ್ಷೆ ಮಾಡಿಸಿ, ಸರಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡು ಕೊಡಬೇಕಿಲ್ಲ.